ಹಳೆಯ ಕ್ಯಾಸಿಯೊ ಬಿಚ್ಚಿ ತಂತಿ ಜೋಡಿಸಿದರೆ ಸುಟ್ಟುಹೋಗಲ್ವಾ?

ಪ್ರಶ್ನೆ: ಅಟ್ಟದ ಮೇಲೆ ಹಳೆಯ ಕ್ಯಾಸಿಯೊ ಎಸ್‌ಕೆ-1 ಕೀಬೋರ್ಡ್ ಸಿಕ್ಕಿದೆ. ಸೆಲ್ ಹಾಕಿದರೆ ಇನ್ನೂ ನುಡಿಯುತ್ತದೆ. ಒಳಗಿನ ಚಿಪ್‌ಗಳ ನಡುವೆ ತಂತಿ ಮುಟ್ಟಿಸಿದರೆ ವಿಚಿತ್ರ ದನಿಗಳು ಬರುತ್ತವಂತೆ. ಹಾಗೆ ಮಾಡಿದರೆ ಸುಟ್ಟುಹೋಗಲ್ವಾ? ನನಗೆ ಎಲೆಕ್ಟ್ರಾನಿಕ್ಸ್ ಅಷ್ಟಾಗಿ ಗೊತ್ತಿಲ್ಲ.

ಉತ್ತರ: ಸುಟ್ಟುಹೋಗಬಹುದು. ಆದರೆ ನೀವು ಹೆದರುತ್ತಿರುವ ಕಾರಣಕ್ಕಲ್ಲ. ಒಂದು ಚಿಪ್ಪಿನ ಎರಡು ಕಾಲುಗಳ ನಡುವೆ ಅರೆಗಳಿಗೆ ತಂತಿ ಮುಟ್ಟಿಸಿದ್ದರಿಂದ ಸತ್ತ ಕೀಬೋರ್ಡ್‌ಗಳು ಕಡಿಮೆ. ತಪ್ಪು ಅಡಾಪ್ಟರ್ ಚುಚ್ಚಿದ್ದು, ಒಳಗೇ ಬಿಟ್ಟ ಸೆಲ್ ಸೋರಿದ್ದು, ಪವರ್ ಲೈನಿಗೆ ತಂತಿ ತಗುಲಿದ್ದು, ಇವುಗಳಿಂದ ಸತ್ತವೇ ಜಾಸ್ತಿ. ಅಂದರೆ ಕರೆಂಟ್ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ ಉಳಿದದ್ದನ್ನು ಸಾಕಷ್ಟು ಧೈರ್ಯದಿಂದ ಆಡಬಹುದು.

ಅಡಾಪ್ಟರ್ ವಿಷಯ ಮೊದಲು ಹೇಳಿಬಿಡುತ್ತೇನೆ. ಎಸ್‌ಕೆ-1ಗೆ ಐದು ಪೆನ್ ಸೆಲ್ ಬೇಕು, ಒಟ್ಟು 7.5 ವೋಲ್ಟ್. ಅದರ ಅಡಾಪ್ಟರ್ ಪಿನ್ನಿನ ನಡುಭಾಗ ಮೈನಸ್, ಹೊರಗಿನ ಉಂಗುರ ಪ್ಲಸ್. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರ್‌ಗಳು ಇದಕ್ಕೆ ಉಲ್ಟಾ. ಪಿನ್ ಸರಿಯಾಗಿ ಕೂತಿತು, ವೋಲ್ಟೇಜೂ ಸರಿ ಇದೆ ಅಂತ ರೂಟರ್‌ನ ಅಡಾಪ್ಟರನ್ನೋ ಇನ್ನಾವುದನ್ನೋ ಚುಚ್ಚಿದರೆ ಕಥೆ ಮುಗಿಯಿತು. ಡಬ್ಬಿ ಬಿಚ್ಚಿ ಕೆಲಸ ಮಾಡುವಾಗಂತೂ ಅಡಾಪ್ಟರ್ ಬೇಡವೇ ಬೇಡ, ಸೆಲ್ಲೇ ಹಾಕಿ. ಸೆಲ್ಲಿನಿಂದ ನಿಮಗೆ ಶಾಕ್ ಹೊಡೆಯುವುದಿಲ್ಲ. ಅಗ್ಗದ ಅಡಾಪ್ಟರಿನ ಆ ಕಡೆ 230 ವೋಲ್ಟ್ ಕೂತಿರುತ್ತದೆ, ಅದನ್ನು ನಂಬಬೇಡಿ. ಗೋಡೆಯ ಪ್ಲಗ್ಗಿನ ವೈರ್ ನೇರವಾಗಿ ಡಬ್ಬಿಯೊಳಗೆ ಹೋಗುವ ದೊಡ್ಡ ಕೀಬೋರ್ಡ್‌ಗಳೂ ಇವೆ. 1980ರಲ್ಲಿ ಬಂದ ಕ್ಯಾಸಿಯೊ ಕಂಪನಿಯ ಮೊದಲ ಕೀಬೋರ್ಡ್, ಕ್ಯಾಸಿಯೊಟೋನ್ 201, ಅಂಥದ್ದು. ಅವನ್ನು ಕಲಿಯುವವರು ಬಿಚ್ಚಬಾರದು.

ಇನ್ನು ತಂತಿ ಮುಟ್ಟಿಸಿದರೆ ದನಿ ಯಾಕೆ ಬದಲಾಗುತ್ತದೆ ಅನ್ನುವುದು. ಇದು ಗೊತ್ತಾದರೆ ಹೆದರಿಕೆ ಅರ್ಧ ಹೋಗುತ್ತದೆ.

ಎಸ್‌ಕೆ-1 ಬಂದದ್ದು 1980ರ ದಶಕದ ನಡುವಿನಲ್ಲಿ. ಆಗ ಸ್ಯಾಂಪ್ಲರ್ ಎಂದರೆ ದೊಡ್ಡ ಸ್ಟುಡಿಯೊಗಳ ಆಸ್ತಿ. ಹೊರಗಿನ ದನಿಯನ್ನು ಹಿಡಿದು ಅದನ್ನೇ ಕೀಲಿಮಣೆಯ ಮೇಲೆ ನುಡಿಸುವ ಆ ಯಂತ್ರವನ್ನು ಕ್ಯಾಸಿಯೊ ಮಕ್ಕಳ ಆಟಿಕೆಯ ಗಾತ್ರಕ್ಕೆ ಇಳಿಸಿತು. 32 ಪುಟ್ಟ ಕೀಲಿಗಳು, ಒಮ್ಮೆಗೆ ನಾಲ್ಕು ಸ್ವರ, ಮೈಯಲ್ಲೇ ಒಂದು ಮೈಕ್. ಹಿಡಿದಿಡುವ ದನಿಯ ಉದ್ದ ಸುಮಾರು 1.4 ಸೆಕೆಂಡ್. ಸೆಕೆಂಡಿಗೆ ಸುಮಾರು 9,380 ಸಲ ದನಿಯನ್ನು ಅಳೆದು ಪ್ರತಿ ಅಳತೆಯನ್ನೂ 8 ಬಿಟ್‌ನ, ಅಂದರೆ ಎಂಟು ಸೊನ್ನೆ-ಒಂದುಗಳ, ಸಂಖ್ಯೆಯಾಗಿ ಬರೆದಿಡುತ್ತದೆ. ಹೀಗೆ ಅಳೆದಾಗ 4.7 ಕಿಲೋಹರ್ಟ್ಸ್‌ಗಿಂತ ಮೇಲಿನ ದನಿ ಉಳಿಯುವುದೇ ಇಲ್ಲ, ಹೆಚ್ಚುಕಡಿಮೆ ಹಳೆಯ ಲ್ಯಾಂಡ್‌ಲೈನ್ ಫೋನಿನ ಗುಣಮಟ್ಟ. ಮೈಕಿಗೆ ಒಮ್ಮೆ 'ಸ' ಅನ್ನಿ, ಒಮ್ಮೆ 'ಶ' ಅನ್ನಿ. ಎರಡರ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಗುತ್ತದೆ. 'ಸ'ದ ಜೀವ ಇರುವುದೇ ಆ ಮೇಲಿನ ಭಾಗದಲ್ಲಿ. ನನಗಂತೂ ಈ ಮಬ್ಬು ದನಿಯೇ ಇದರ ಚೆಂದ ಅನಿಸುತ್ತದೆ.

ಆ 8 ಬಿಟ್‌ಗಳು ಮೆಮೊರಿ ಚಿಪ್ಪಿನಿಂದ ಎಂಟು ತಾಮ್ರದ ಗೆರೆಗಳಲ್ಲಿ ಓಡಾಡುತ್ತವೆ. ಒಂದೊಂದು ಗೆರೆಗೂ ಒಂದೊಂದು ತೂಕ: 1, 2, 4, 8 ಹೀಗೆ ದುಪ್ಪಟ್ಟಾಗುತ್ತಾ ಕೊನೆಯದಕ್ಕೆ 128. ಈಗ 1ರ ಗೆರೆಯನ್ನು 2ರ ಗೆರೆಗೆ ಮುಟ್ಟಿಸಿದರೆ ಸಂಖ್ಯೆ ಚೂರೇ ಚೂರು ಏರುಪೇರಾಗುತ್ತದೆ, ಕಿವಿಗೆ ಗೊತ್ತೂ ಆಗುವುದಿಲ್ಲ. ಅದೇ 1ರ ಗೆರೆಯನ್ನು 128ರ ಗೆರೆಗೆ ಮುಟ್ಟಿಸಿ ನೋಡಿ. ಅತಿ ಸಣ್ಣ ಅಲುಗಾಟವೂ ದನಿಯನ್ನು ಆ ತುದಿಯಿಂದ ಈ ತುದಿಗೆ ಎಸೆಯುತ್ತದೆ. ಕೊಳಲು ಗರಗಸದ ಹಾಗೆ ಗರಗರ ಅನ್ನುತ್ತದೆ. ಸಂಖ್ಯೆ ಎಲ್ಲಿದೆ ಅಂತ ಹುಡುಕುವ ವಿಳಾಸದ ಗೆರೆಗಳು ಬೇರೆ ಇರುತ್ತವೆ. ಅವುಗಳನ್ನು ಕಲಸಿದರೆ ಇನ್ನೂ ಮಜಾ: ಮೆಮೊರಿಯ ಬೇರೆಲ್ಲೋ ಇರುವ ಚೂರು ಬಂದು ಸೇರಿಕೊಳ್ಳುತ್ತದೆ, ಪಿಯಾನೋ ಒತ್ತಿದರೆ ನಡುವೆ ಇನ್ನಾವುದೋ ವಾದ್ಯದ ತುಂಡು ಇಣುಕುತ್ತದೆ.

ಇಲ್ಲಿ ನಡೆಯುತ್ತಿರುವುದು ಸುಡುವ ಕೆಲಸವಲ್ಲ, ಸಂಖ್ಯೆ ಕೆಡಿಸುವ ಕೆಲಸ. ಎರಡು ಗೆರೆಗಳಲ್ಲಿ ಒಂದು '5 ವೋಲ್ಟ್' ಅಂತಲೂ ಇನ್ನೊಂದು 'ಸೊನ್ನೆ' ಅಂತಲೂ ಎಳೆದಾಡುವಾಗ ಚಿಪ್ಪಿಗೆ ಸ್ವಲ್ಪ ಹಿಂಸೆ ಆಗುತ್ತದೆ, ನಿಜ. ಅದಕ್ಕೇ ಬರೀ ತಂತಿಯ ಬದಲು ನಡುವೆ ಕರೆಂಟಿನ ಹರಿವು ತಗ್ಗಿಸುವ 1 ಕಿಲೋ ಓಮ್ ರೆಸಿಸ್ಟರ್ ಹಾಕಿ ಮುಟ್ಟಿಸಿ. ಕೆಲವು ಕಡೆ ದನಿಯ ಬದಲಾವಣೆ ಮೆತ್ತಗಾಗಬಹುದು, ಆಗ ಇನ್ನೂ ಕಡಿಮೆ ಓಮ್‌ನ ರೆಸಿಸ್ಟರ್ ಹಾಕುತ್ತಾ ಹೋಗಿ. ಅಪಾಯ ಇರುವುದು ಸೆಲ್ಲಿನ 7.5 ವೋಲ್ಟ್ ಗೆರೆ ನೇರವಾಗಿ ಚಿಪ್ಪಿನ ಕಾಲಿಗೆ ಬಂದಾಗ. ಒಳಗಿನ ಚಿಪ್‌ಗಳು ಓಡುವುದು ಸುಮಾರು 5 ವೋಲ್ಟ್‌ನಲ್ಲಿ. ಹೆಚ್ಚಿನದನ್ನು ಅವು ತಡೆಯುವುದಿಲ್ಲ.

ಆದ್ದರಿಂದ ಬಿಚ್ಚಿದ ಮೇಲೆ ಮೊದಲ ಕೆಲಸ ತಂತಿ ಮುಟ್ಟಿಸುವುದಲ್ಲ, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯುವುದು. ಕಪ್ಪು ಪ್ರೋಬನ್ನು ಸೆಲ್ ಡಬ್ಬಿಯ ಮೈನಸ್ಸಿಗೆ ಇಟ್ಟು ಕೆಂಪು ಪ್ರೋಬಿನಿಂದ ಬೋರ್ಡಿನ ಬೆಸುಗೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಅಲುಗಾಡದೆ 5ರ ಅಥವಾ 7.5ರ ಹತ್ತಿರ ನಿಲ್ಲುವ ಜಾಗಗಳಿಗೆಲ್ಲ ಕೆಂಪು ಮಾರ್ಕರ್‌ನಲ್ಲಿ ಚುಕ್ಕಿ ಇಡಿ. ಸ್ಪೀಕರಿಗೆ ಹೋಗುವ ಆಂಪ್ಲಿಫೈಯರ್ ಭಾಗ, ದಪ್ಪ ಕೆಪಾಸಿಟರ್‌ಗಳಿರುವ ಮೂಲೆ, ಅದಕ್ಕೂ ಕೆಂಪು ಗೆರೆ ಎಳೆಯಿರಿ. ಆ ಕಡೆ ತಂತಿ ಹೋಗಬಾರದು, ಅಷ್ಟೇ. ಉಳಿದದ್ದು ನಿಮ್ಮ ಆಟದ ಬಯಲು. ಸಣ್ಣ ಕ್ರೊಕೊಡೈಲ್ ಕ್ಲಿಪ್ ಇರುವ ತಂತಿ ತಗೊಂಡು, ರಿದಮ್ ಆನ್ ಮಾಡಿ, ಮೆಮೊರಿ ಚಿಪ್ಪಿನ ಕಾಲುಗಳನ್ನು ಎರಡೆರಡಾಗಿ ಮುಟ್ಟಿಸಿ ಕೇಳಿ. ಯಾವ ಜೋಡಿಗೆ ಯಾವ ದನಿ ಅಂತ ಪೇಪರಿನಲ್ಲಿ ಬರೆದಿಡಿ. ಬರೆಯದಿದ್ದರೆ ಚೆನ್ನಾಗಿರೋ ದನಿ ಎಲ್ಲಿ ಸಿಕ್ಕಿತು ಅಂತ ಆಮೇಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹ್ಯಾಂಗ್ ಆಗುತ್ತದೆ. ಆಗಲೇಬೇಕು. ಒಂದೇ ಸ್ವರ ಕಿರುಚುತ್ತಾ ನಿಲ್ಲುತ್ತದೆ, ಬಟನ್ ಒತ್ತಿದರೂ ಕೇಳುವುದಿಲ್ಲ. ಗಾಬರಿ ಬೇಡ. ತಂತಿ ತೆಗೆದು, ಒಂದು ಸೆಲ್ ಎಳೆದು, ನಿಮಿಷ ಬಿಟ್ಟು ಮತ್ತೆ ಹಾಕಿ. ಸಾಮಾನ್ಯವಾಗಿ ಎದ್ದು ಕೂರುತ್ತದೆ. ಚಿಪ್ ಮುಟ್ಟಿ ನೋಡಿ, ಬೆರಳು ಹಿಂದೆ ಎಳೆಯುವಷ್ಟು ಬಿಸಿ ಇದ್ದರೆ ಮಾತ್ರ ಆ ಜೋಡಿಯನ್ನು ಪಟ್ಟಿಯಿಂದ ಹೊಡೆದುಹಾಕಿ.

ಈ ಕೆಲಸಕ್ಕೆ 'ಸರ್ಕಿಟ್ ಬೆಂಡಿಂಗ್' ಅಂತ ಹೆಸರು. ಅಮೆರಿಕದ ಸಿನ್ಸಿನಾಟಿಯ ರೀಡ್ ಘಜಾಲಾ 1960ರ ದಶಕದಲ್ಲಿ ಹುಡುಗನಾಗಿದ್ದಾಗ, ಮುಚ್ಚಳ ತೆಗೆದ ಸಣ್ಣ ಆಂಪ್ಲಿಫೈಯರ್ ಒಂದು ಡ್ರಾಯರಿನೊಳಗೆ ಲೋಹಕ್ಕೆ ತಾಗಿ ತನ್ನಷ್ಟಕ್ಕೆ ಕೂಗತೊಡಗಿತು. ಒಳಗೆ ಇದ್ದದ್ದು 9 ವೋಲ್ಟ್ ಬ್ಯಾಟರಿ. ಬೇಕೆಂದೇ ಶಾರ್ಟ್ ಮಾಡಿದರೆ ಏನಾಗುತ್ತದೆ ಅಂತ ಅವರು ಹುಡುಕುತ್ತಾ ಹೋದರು. 1990ರ ದಶಕದಲ್ಲಿ ಈ ಹೆಸರಿಟ್ಟವರೂ ಅವರೇ. ಎಸ್‌ಕೆ-1 ಈ ಮಂದಿಗೆ ಅಚ್ಚುಮೆಚ್ಚಾದದ್ದು ಅದರ ಮೆಮೊರಿ ಚಿಪ್‌ಗಳು ಬೇರೆಬೇರೆಯಾಗಿ, ಕಾಲು ಚಾಚಿಕೊಂಡು, ಬೆಸುಗೆ ಹಾಕಲು ಸಲೀಸಾಗಿ ಕೂತಿರುವುದರಿಂದ. ಆಮೇಲೆ ಬಂದ ಅಗ್ಗದ ಆಟಿಕೆಗಳಲ್ಲಿ ಎಲ್ಲವೂ ಒಂದು ಕಪ್ಪು ಅಂಟಿನ ಬೊಟ್ಟಿನ ಕೆಳಗೆ ಅಡಗಿರುತ್ತದೆ. ಅಲ್ಲಿ ಮುಟ್ಟಿಸಲು ಜಾಗವೇ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ: ಈ ಗರಗರಗಳಿಗೆ ಬಂದಿರುವ ಹೆಸರು ಸ್ವಲ್ಪ ಜಾಸ್ತಿಯೇ ಆಯಿತು. ಮೊದಲ ವಾರ ಮಜಾ ಇರುತ್ತದೆ. ಆಮೇಲೆ ಎಲ್ಲವೂ ಒಂದೇ ಥರ ಕೇಳಿಸತೊಡಗುತ್ತದೆ. ಇಪ್ಪತ್ತು ಸ್ವಿಚ್ ಕೊರೆದು ಕೂರಿಸಿ ಡಬ್ಬಿಯನ್ನು ಜಾಲರಿ ಮಾಡಿದವರು ಕೊನೆಗೆ ಎರಡನ್ನೋ ಮೂರನ್ನೋ ಬಳಸುತ್ತಾರೆ. ಒಂದೇ ಒಂದು ಬದಲಾವಣೆ ಮಾಡುವುದಾದರೆ ಕ್ಲಾಕ್ ಬದಲಿಸಿ ಅಂತ ಹೇಳುತ್ತೇನೆ.

ಇಂಥ ಕೀಬೋರ್ಡಿನೊಳಗೆ ಎಲ್ಲಕ್ಕೂ ತಾಳ ಹಾಕುವ ಒಂದು ಕ್ಲಾಕ್ ಇರುತ್ತದೆ. ಅದು ನಿಧಾನವಾದರೆ ಶ್ರುತಿ ಇಳಿಯುತ್ತದೆ, ರಿದಮ್ಮೂ ನಿಧಾನವಾಗುತ್ತದೆ. ಕೆಲವು ಆಟಿಕೆಗಳಲ್ಲಿ ಕ್ಲಾಕ್ ನಿರ್ಧರಿಸುವುದು ಒಂದೇ ಒಂದು ರೆಸಿಸ್ಟರ್. ಅದನ್ನು ತೆಗೆದು ಆ ಜಾಗಕ್ಕೆ ಪೊಟೆನ್ಷಿಯೊಮೀಟರ್, ಅಂದರೆ ಗುಬುಟು ತಿರುಗಿಸಿ ಓಮ್ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್, ಹಾಕಿದರೆ ಆಯಿತು. ಎಸ್‌ಕೆ-1ನಂಥವುಗಳಲ್ಲಿ ಹೊರಗಿನಿಂದ ಹೊಸ ಕ್ಲಾಕ್ ಕೊಡುತ್ತಾರೆ. ಅದಕ್ಕೆ ಎಲ್‌ಟಿಸಿ1799 ಅನ್ನುವ ಪುಟ್ಟ ಚಿಪ್ ಹೆಸರುವಾಸಿ. ಅದು 1 ಕಿಲೋಹರ್ಟ್ಸ್‌ನಿಂದ 33 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ, ವೇಗ ಹೊಂದಿಸಲು ಒಂದು ಪೊಟೆನ್ಷಿಯೊಮೀಟರ್ ಸಾಕು. ಅದು ತಾಳುವುದು 5.5 ವೋಲ್ಟ್‌ವರೆಗೆ ಮಾತ್ರ, ಹಾಗಾಗಿ ಬೋರ್ಡಿನ 5 ವೋಲ್ಟ್ ಗೆರೆಯಿಂದಲೇ ಕರೆಂಟ್ ಕೊಡಿ, ಸೆಲ್ಲಿನಿಂದ ನೇರ ಬೇಡ. ಚಿಪ್ ತೀರಾ ಚಿಕ್ಕದು. ಸಣ್ಣ ಬೋರ್ಡಿನ ಮೇಲೆ ಬೆಸುಗೆ ಹಾಕಿದ್ದೇ ಸಿಗುತ್ತದೆ, ಅದನ್ನೇ ಕೊಳ್ಳಿ.

ಕ್ಲಾಕ್ ಅರ್ಧಕ್ಕೆ ಇಳಿಸಿದರೆ ಶ್ರುತಿ ಒಂದು ಸ್ಥಾಯಿ ಕೆಳಗೆ. ಆ ನಿಧಾನದಲ್ಲೇ ಮೈಕಿಗೆ ದನಿ ಕೊಟ್ಟರೆ 1.4 ಸೆಕೆಂಡಿನ ಜಾಗದಲ್ಲಿ 2.8 ಸೆಕೆಂಡ್ ಹಿಡಿಯುತ್ತದೆ, ಇನ್ನಷ್ಟು ಮಬ್ಬಾಗಿ. ಆಮೇಲೆ ಕ್ಲಾಕ್ ಏರಿಸಿ ನುಡಿಸಿದರೆ ಮಂಜಿನೊಳಗಿಂದ ಯಾರೋ ಓಡಿಬಂದ ಹಾಗೆ ಕೇಳಿಸುತ್ತದೆ. ನಮ್ಮವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಕೀಲಿಮಣೆಯ ಕಪ್ಪು ಎರಡಕ್ಕೂ ಬಿಳಿ ಮೂರಕ್ಕೂ ನಡುವೆ ಎಲ್ಲೋ ಶ್ರುತಿ ನಿಲ್ಲುವ ಗಂಟಲಿಗೆ, ಅಥವಾ ಶ್ರುತಿ ಇಳಿದುಹೋದ ಮನೆಯ ಹಳೆಯ ಹಾರ್ಮೋನಿಯಂಗೆ, ಈ ಗುಬುಟು ತಿರುಗಿಸಿ ಕೀಬೋರ್ಡನ್ನೇ ಹೊಂದಿಸಬಹುದು. ನುಡಿಸುತ್ತಲೇ ಮೆಲ್ಲಗೆ ತಿರುಗಿಸಿದರೆ ಸ್ವರ ಜಾರುತ್ತದೆ. ಗಮಕ ಅಂತ ಕರೆಯಲು ನನಗೆ ಧೈರ್ಯ ಇಲ್ಲ, ಆದರೆ ಮೆಟ್ಟಿಲು ಮೆಟ್ಟಿಲಾಗಿ ನುಡಿಯುವ ಡಬ್ಬಿಯಿಂದ ಜಾರುವ ಸ್ವರ ಬಂತಲ್ಲ, ಅದು ಸಣ್ಣದೇನಲ್ಲ.

ಬಿಚ್ಚುವ ಮುಂಚೆ ಇನ್ನೊಂದು ಮಾತು. ಡಬ್ಬಿಯ ಮೇಲಿರುವ ಬಟನ್‌ಗಳನ್ನೆಲ್ಲ ನಿಜವಾಗಿಯೂ ಬಳಸಿ ನೋಡಿದ್ದೀರಾ? ಕ್ಯಾಸಿಯೊ ಎಂಟಿ-40 ಅನ್ನುವ ಕೀಬೋರ್ಡ್ 1981ರಲ್ಲಿ ಬಂತು. ಅದರ 'ರಾಕ್' ರಿದಮ್ ಮಾಡಿದವರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಕುಡಾ ಹಿರೋಕೊ. 1985ರಲ್ಲಿ ಜಮೈಕಾದಲ್ಲಿ ಗಾಯಕ ವೇಯ್ನ್ ಸ್ಮಿತ್ ಮತ್ತು ನಿರ್ಮಾಪಕ ಕಿಂಗ್ ಜಾಮಿ ಅದೇ ರಿದಮ್ ನಿಧಾನ ಮಾಡಿ ಅದರ ಮೇಲೆ ಹಾಡು ಕಟ್ಟಿದರು. ಜಮೈಕಾದ ರೆಗ್ಗೆ ಸಂಗೀತ ಆಮೇಲೆ ಡಿಜಿಟಲ್ ದಾರಿ ಹಿಡಿಯಿತು. ಅಲ್ಲಿ ಯಾರೂ ಸ್ಕ್ರೂ ಬಿಚ್ಚಿರಲಿಲ್ಲ. ನಿಮ್ಮ ಎಸ್‌ಕೆ-1ರಲ್ಲೂ ದನಿ ಹೇಗೆ ಏರಬೇಕು, ಹೇಗೆ ಇಳಿಯಬೇಕು ಅಂತ ಆರಿಸುವ 13 ಎನ್ವೆಲಪ್‌ಗಳಿವೆ. ಗಡಿಯಾರದ ಟಿಕ್ ಸದ್ದೊಂದನ್ನು ಸ್ಯಾಂಪಲ್ ಮಾಡಿ ಒಂದೊಂದು ಎನ್ವೆಲಪ್‌ನಲ್ಲೂ ನುಡಿಸಿ ನೋಡಿ. ಒಂದು ಸಂಜೆ ಹೋಗುತ್ತದೆ.

ಮನೆಯಲ್ಲಿ ಸಿಕ್ಕಿದ್ದು ಅಂದಿರಿ. ಹಾಗಾದರೆ ಸೆಲ್ ಡಬ್ಬಿ ಮೊದಲು ನೋಡಿ. ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದು ಸೋರಿದ ಸೆಲ್. ಅಲ್ಕಲೈನ್ ಸೆಲ್ ಸೋರಿದ್ದಾದರೆ ಹತ್ತಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಮಾಮೂಲಿ ಝಿಂಕ್ ಕಾರ್ಬನ್ ಸೆಲ್ಲಾದರೆ ಅಡುಗೆ ಸೋಡಾ ಕಲಸಿದ ನೀರು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಚೆನ್ನಾಗಿ ಒಣಗಿಸಿ. ಕೆಲವು ಕೀಲಿಗಳು ನುಡಿಯದಿದ್ದರೆ ಚಿಪ್ ಕೆಟ್ಟಿದೆ ಅಂತ ತಿಳಿಯಬೇಡಿ. ರಬ್ಬರಿನಡಿಯ ಕಪ್ಪು ಕಾರ್ಬನ್ ಗುಂಡಿಗೂ ಬೋರ್ಡಿಗೂ ನಡುವೆ ಧೂಳು ಕೂತಿರುತ್ತದೆ, ಅದೇ ಆಲ್ಕೊಹಾಲ್ ಸಾಕು. ಬೋರ್ಡ್‌ಗಳ ನಡುವಿನ ಚಪ್ಪಟೆ ತಂತಿಪಟ್ಟಿಗಳನ್ನು ಮಾತ್ರ ಹುಷಾರಾಗಿ ಮಡಚಿ. ಇಷ್ಟು ವರ್ಷಕ್ಕೆ ಅವು ಗಡುಸಾಗಿರುತ್ತವೆ, ನಾಲ್ಕು ಸಲ ತೆರೆದು ಮುಚ್ಚಿದರೆ ಬುಡದಲ್ಲೇ ಮುರಿಯುತ್ತವೆ.

ಬೇಕಾಗುವ ಸಾಮಾನು ಏನೂ ದೊಡ್ಡದಲ್ಲ: 25 ವ್ಯಾಟ್ ಸೋಲ್ಡರಿಂಗ್ ಐರನ್, ತೆಳು ತಂತಿ, ಮಲ್ಟಿಮೀಟರ್, ಸ್ವಿಚ್‌ಗಳು, ಒಂದೆರಡು ಪೊಟೆನ್ಷಿಯೊಮೀಟರ್. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನಲ್ಲಿ ಎಲ್ಲವೂ ಸಿಗುತ್ತದೆ. ಬೆಸುಗೆ ಅಭ್ಯಾಸ ಇಲ್ಲದಿದ್ದರೆ ಎಸ್‌ಕೆ-1ರ ಮೇಲೆ ಕಲಿಯಬೇಡಿ. ಓಡುವ ಎಸ್‌ಕೆ-1ಗೆ ಈಗ ಬೇಡಿಕೆ ಇದೆ, ಹಾಳು ಮಾಡಿದರೆ ಹೊಟ್ಟೆ ಉರಿಯುತ್ತದೆ. ಕೆಟ್ಟುಹೋದ ರೇಡಿಯೊ ಬೋರ್ಡೊಂದರ ಮೇಲೆ ಕೈ ಕೂರಿಸಿಕೊಂಡು, ಹೆಸರಿಲ್ಲದ ಆಟಿಕೆ ಪಿಯಾನೋದಲ್ಲಿ ಕ್ಲಾಕ್ ಬದಲಿಸಿ ನೋಡಿ, ಆಮೇಲೆ ಇದಕ್ಕೆ ಬನ್ನಿ.

ಕೊನೆಯದಾಗಿ, ತಂತಿ ಮುಟ್ಟಿಸಿ ಹುಡುಕುವಾಗ ಹೆಡ್‌ಫೋನ್ ಹಾಕಿಕೊಳ್ಳಬೇಡಿ. ದನಿ ಯಾವಾಗ ಪೂರ್ತಿ ಜೋರಾಗಿ ಸಿಡಿಯುತ್ತದೆ ಅಂತ ಹೇಳಲಾಗುವುದಿಲ್ಲ. ವಾಲ್ಯೂಮ್ ತಗ್ಗಿಸಿ ಅದರ ಸ್ಪೀಕರಿನಲ್ಲೇ ಕೇಳಿ. ಪಕ್ಕದಲ್ಲಿ ಫೋನಿನ ರೆಕಾರ್ಡರ್ ಓಡುತ್ತಿರಲಿ. ಒಮ್ಮೆ ಬಂದ ಸದ್ದು ಅದೇ ಜೋಡಿ ಮುಟ್ಟಿಸಿದರೂ ಕೆಲವೊಮ್ಮೆ ಮತ್ತೆ ಬರುವುದಿಲ್ಲ.