ಎಲ್ಲಿಯವರೆಗೆ, ಯಾವಾಗಿನವರೆಗೆ: ಫಾರ್ವರ್ಡ್ ಪ್ರೋಗ್ರೆಸ್ ಕುರಿತು ಟಿಪ್ಪಣಿ

ಅಮೆರಿಕದ ಕಾಲೇಜು ಫುಟ್‌ಬಾಲ್ ನಿಯಮಗಳನ್ನು ಕಲಿಯಲು ಹೊರಟವರು ಫಾರ್ವರ್ಡ್ ಪ್ರೋಗ್ರೆಸ್ ಎಂಬ ಪದದ ಬಳಿ ಬಂದಾಗ ಒಮ್ಮೆ ಎಡವುತ್ತಾರೆ. ಇದನ್ನು ‘ಮುನ್ನಡೆ’ ಎಂದು ಬರೆದುಕೊಂಡರೆ ಅಂಕಗಳ ಮುನ್ನಡೆಯ ಜೊತೆ ಬೆರೆತುಹೋಗುತ್ತದೆ. ಹಾಗಾಗಿ ಮೂಲ ಪದವನ್ನೇ ಉಳಿಸಿಕೊಂಡಿದ್ದೇನೆ.

ಅರ್ಥ ಇಷ್ಟೇ. ಚೆಂಡು ಹಿಡಿದವನನ್ನು ಎದುರಾಳಿಗಳು ತಡೆದು ನಿಲ್ಲಿಸುವ ಹೊತ್ತಿಗೆ ಅವನು ಚೆಂಡನ್ನು ಎಷ್ಟು ಮುಂದೆ ಒಯ್ದಿದ್ದನೋ, ಮುಂದಿನ ಯತ್ನ ಆ ಜಾಗದಿಂದಲೇ ಶುರು. ಆಮೇಲೆ ನಾಲ್ಕು ಜನ ಸೇರಿ ಅವನನ್ನು ಮೂರು ಯಾರ್ಡ್ ಹಿಂದಕ್ಕೆ ದೂಡಿ ಕೆಡವಿದರೂ ಆ ಮೂರು ಯಾರ್ಡ್ ಲೆಕ್ಕಕ್ಕಿಲ್ಲ. ಕಬಡ್ಡಿ ಆಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿ ರೈಡರ್‌ನನ್ನು ಹಿಡಿದು ಎಳೆಯುವುದೇ ಆಟ. ಏಳು ಜನರ ಹಿಡಿತದ ನಡುವೆಯೂ ಅವನ ಬೆರಳ ತುದಿ ಮಧ್ಯರೇಖೆ ಮುಟ್ಟಿದರೆ ಅವನು ಬದುಕಿದ. ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಹಿಡಿತಕ್ಕೆ ಸಿಕ್ಕು ಮುಂದಕ್ಕೆ ಹೋಗುವುದು ನಿಂತಿತು ಎಂದು ತೀರ್ಪುಗಾರನಿಗೆ ಅನ್ನಿಸಿದ ಕ್ಷಣಕ್ಕೆ ಚೆಂಡು ‘ಸತ್ತಿತು’, ಅಂದರೆ ಆ ಯತ್ನ ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟು ಹೆಣಗಿದರೂ ಫಲವಿಲ್ಲ.

ಒಂದು ಎಚ್ಚರಿಕೆ: ಓಟಗಾರ ತಪ್ಪಿಸಿಕೊಳ್ಳಲು ತಾನಾಗಿಯೇ ಹಿಂದಕ್ಕೆ ಓಡಿ ಅಲ್ಲಿ ಸಿಕ್ಕಿಬಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಎದುರಾಳಿ ದೂಡಿದ ದೂರಕ್ಕೆ ಮಾತ್ರ ವಿನಾಯಿತಿ.

ಈ ನಿಯಮದೊಳಗೆ ಎರಡು ಪ್ರಶ್ನೆಗಳಿವೆ. ಚೆಂಡು ಎಲ್ಲಿಯವರೆಗೆ ಹೋಯಿತು? ಆಟ ಯಾವಾಗ ನಿಂತಿತು? ಮೊದಲನೆಯದು ಜಾಗದ ಪ್ರಶ್ನೆ, ಎರಡನೆಯದು ಕ್ಷಣದ ಪ್ರಶ್ನೆ. ಪ್ರಸಿದ್ಧ ಜಗಳಗಳಲ್ಲಿ ಹೆಚ್ಚಿನವು ಇವೆರಡನ್ನು ಕಲಸಿಕೊಂಡದ್ದರಿಂದ ಹುಟ್ಟಿದವು ಎಂಬುದು ನನ್ನ ದೃಢ ಅಭಿಪ್ರಾಯ. ಎರಡು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕ್ಷಣದ ಪ್ರಶ್ನೆಗೆ ಉದಾಹರಣೆ 2012ರ ಅಕ್ಟೋಬರ್ 13ರಂದು ಸೌತ್ ಬೆಂಡ್‌ನಲ್ಲಿ ಮಳೆಯ ನಡುವೆ ನಡೆದ ನೋಟರ್ ಡೇಮ್ ಮತ್ತು ಸ್ಟ್ಯಾನ್‌ಫರ್ಡ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ನೋಟರ್ ಡೇಮ್ 20–13ರಿಂದ ಮುಂದಿತ್ತು. ಸ್ಟ್ಯಾನ್‌ಫರ್ಡ್‌ಗೆ ಉಳಿದದ್ದು ನಾಲ್ಕನೇ ಡೌನ್, ಅಂದರೆ ನಾಲ್ಕು ಯತ್ನಗಳಲ್ಲಿ ಕೊನೆಯದು. ಗೋಲು ಗೆರೆಗೆ ಒಂದು ಯಾರ್ಡ್‌ನಷ್ಟೂ ದೂರವಿರಲಿಲ್ಲ. ಸ್ಟೆಫನ್ ಟೇಲರ್ ಚೆಂಡು ಹಿಡಿದು ಗುಂಪಿನೊಳಗೆ ನುಗ್ಗಿದ. ರಾಶಿ ಬಿದ್ದ ಮೈಗಳ ಮೇಲೆ ಅವನು ತಡೆಯಲ್ಪಟ್ಟ, ಆದರೆ ನೆಲಕ್ಕೆ ಬೀಳಲಿಲ್ಲ. ಮೈ ಹೊರಳಿಸಿ, ತೋಳು ಚಾಚಿ, ಚೆಂಡನ್ನು ಗೆರೆಯಾಚೆ ಇಟ್ಟ. ತೀರ್ಪುಗಾರರು ಅಷ್ಟರಲ್ಲಿ ಅವನ ಫಾರ್ವರ್ಡ್ ಪ್ರೋಗ್ರೆಸ್ ಮುಗಿದಿತ್ತು ಎಂದರು. ವಿಡಿಯೊ ಪರಿಶೀಲನೆಯಲ್ಲೂ ತೀರ್ಪು ಬದಲಾಗಲಿಲ್ಲ, ನೋಟರ್ ಡೇಮ್ ಗೆದ್ದಿತು.

ಸ್ಟ್ಯಾನ್‌ಫರ್ಡ್ ಬೆಂಬಲಿಗರು ಇವತ್ತಿಗೂ ಚೆಂಡು ಗೆರೆ ದಾಟಿದ ಚಿತ್ರವನ್ನು ಮುಂದಿಡುತ್ತಾರೆ. ದಾಟಿದ್ದು ನಿಜ. ಆದರೆ ಆ ಚಿತ್ರ ಉತ್ತರಿಸುವುದು ಜಾಗದ ಪ್ರಶ್ನೆಗೆ. ತೀರ್ಪು ಬಂದದ್ದು ಕ್ಷಣದ ಬಗ್ಗೆ. ಅವನು ಒಂದು ಗಳಿಗೆ ನಿಂತನೇ, ಅಥವಾ ಹೊರಳುತ್ತ ಮುಂದುವರಿಯುತ್ತಲೇ ಇದ್ದನೇ ಎಂಬುದು ಚರ್ಚೆಯಾಗಬೇಕಾದ ಅಂಶ. ನನ್ನ ಮಟ್ಟಿಗೆ ಹೇಳುವುದಾದರೆ ಆ ತೀರ್ಪು ಅವಸರದ್ದು. ಗೋಲು ಗೆರೆಯ ಅಂಚಿನಲ್ಲಿ, ಮೊಣಕಾಲು ಊರದ ಓಟಗಾರನಿಗೆ ಇನ್ನೊಂದು ಗಳಿಗೆ ಕೊಡಬಹುದಿತ್ತು. ಆದರೂ ನಿಯಮದ ಪ್ರಕಾರ ಅದನ್ನು ತಪ್ಪು ಎನ್ನಲು ಬರುವುದಿಲ್ಲ. ಇನ್ನೊಂದು ಮಾತು: ಟಚ್‌ಡೌನ್ (ಚೆಂಡನ್ನು ಗೋಲು ಗೆರೆ ದಾಟಿಸಿದ್ದಕ್ಕೆ ಆರು ಅಂಕ) ಸಿಕ್ಕಿದ್ದರೂ ಸ್ಟ್ಯಾನ್‌ಫರ್ಡ್ ಅಲ್ಲೇ ಗೆಲ್ಲುತ್ತಿರಲಿಲ್ಲ, ನಂತರದ ಒಂದು ಅಂಕದ ಕಿಕ್ ಒಳಗೆ ಹೋದರೆ 20–20. ನೋಟರ್ ಡೇಮ್ 12–0 ದಾಖಲೆಯೊಂದಿಗೆ ರಾಷ್ಟ್ರೀಯ ಪ್ರಶಸ್ತಿ ಪಂದ್ಯಕ್ಕೆ ಹೋಗಿ ಅಲಬಾಮಾಗೆ 42–14ರಿಂದ ಸೋತಿತು. (ಕೆಲವು ವರ್ಷಗಳ ನಂತರ ವಿದ್ಯಾರ್ಥಿಗಳ ಓದಿಗೆ ಸಂಬಂಧಿಸಿದ ಅಕ್ರಮದ ಕಾರಣ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಆ ಋತುವಿನ ಗೆಲುವುಗಳನ್ನೇ ದಾಖಲೆಯಿಂದ ತೆಗೆಸಿತು.)

ಜಾಗದ ಪ್ರಶ್ನೆಗೆ 2016ರ ನವೆಂಬರ್ 26ರ ಕೊಲಂಬಸ್ ಪಂದ್ಯವನ್ನು ನೋಡಿ. ಓಹಾಯೊ ಸ್ಟೇಟ್ ಎದುರು ಮಿಷಿಗನ್. ಇವರಿಬ್ಬರ ಹಳೆಯ ಹಗೆತನದ ಸರಣಿಯಲ್ಲಿ ಹೆಚ್ಚುವರಿ ಅವಧಿಗೆ ಹೋದ ಮೊದಲ ಪಂದ್ಯ. ಎರಡನೇ ಹೆಚ್ಚುವರಿ ಅವಧಿಯಲ್ಲಿ ಮಿಷಿಗನ್ 27–24ರಿಂದ ಮುಂದಿತ್ತು. ಹೆಚ್ಚುವರಿ ಅವಧಿಯಲ್ಲಿ ಆಟ ಎದುರಾಳಿಯ ಗೋಲು ಗೆರೆಯಿಂದ ಎಣಿಸಿದ 25ನೇ ಯಾರ್ಡ್ ಗೆರೆಯಿಂದ ಶುರುವಾಗುವುದರಿಂದ, ನಾಲ್ಕು ಯತ್ನಗಳಲ್ಲಿ ಹತ್ತು ಯಾರ್ಡ್ ಸಾಗಿ ಹೊಸ ಡೌನ್‌ಗಳನ್ನು ಪಡೆಯಲು ಚೆಂಡು 15ನೇ ಗೆರೆ ಮುಟ್ಟಬೇಕು. ನಾಲ್ಕನೇ ಡೌನ್, ಬೇಕಾದದ್ದು ಒಂದೇ ಯಾರ್ಡ್. ಓಹಾಯೊ ಸ್ಟೇಟ್ ಮೂರು ಅಂಕದ ಕಿಕ್ ಹೊಡೆದು ಸಮ ಮಾಡಿಕೊಳ್ಳುವ ಬದಲು ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ ಆಟಗಾರ) ಜೆ.ಟಿ. ಬ್ಯಾರೆಟ್‌ನನ್ನು ಓಡಿಸಿತು. ಅವನು ಎಡಕ್ಕೆ ಓಡಿ, 15ನೇ ಗೆರೆಯ ಬಳಿ ತನ್ನದೇ ತಂಡದ ಆಟಗಾರನ ಬೆನ್ನಿಗೆ ಬಡಿದು, ಎದುರಾಳಿಯ ಹೊಡೆತಕ್ಕೆ ಸಿಕ್ಕಿ, ಅಲ್ಲಿಂದ ಹಿಂದಕ್ಕೆ ಬಿದ್ದ.

ಬಿದ್ದ ಜಾಗ ಮುಖ್ಯವಲ್ಲ, ಬಡಿದ ಗಳಿಗೆಯಲ್ಲಿ ಚೆಂಡಿನ ಮೂತಿ ಎಲ್ಲಿತ್ತು ಎಂಬುದು ಮುಖ್ಯ. ಆ ದೃಶ್ಯವನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಮುಖ್ಯ ಕ್ಯಾಮೆರಾ 15ನೇ ಗೆರೆಗೆ ನೇರವಾಗಿಲ್ಲ, ಓರೆಯಾಗಿದೆ. ಚೆಂಡು ಮೈಗಳ ಮರೆಯಲ್ಲಿದೆ. ಟಿ.ವಿ.ಯಲ್ಲಿ ಕಾಣುವ ಹಳದಿ ಗೆರೆ ಕಂಪ್ಯೂಟರ್ ಎಳೆದದ್ದು, ಅದಕ್ಕೆ ನಿಯಮದಲ್ಲಿ ಬೆಲೆಯಿಲ್ಲ. ಮೈದಾನದಲ್ಲಿ ಗೆರೆ ಮುಟ್ಟಿದೆ ಎಂಬ ತೀರ್ಪು ಬಂದಿತ್ತು. ಪರಿಶೀಲನೆಯ ನಂತರ ಅದು ‘ನಿಲ್ಲುತ್ತದೆ’ ಎಂದರು. ‘ನಿಲ್ಲುತ್ತದೆ’ ಎನ್ನುವುದಕ್ಕೂ ‘ಖಚಿತವಾಯಿತು’ ಎನ್ನುವುದಕ್ಕೂ ವ್ಯತ್ಯಾಸವಿದೆ: ಬದಲಿಸುವಷ್ಟು ಸಾಕ್ಷ್ಯ ಇಲ್ಲ ಎಂದಷ್ಟೇ ಮೊದಲನೆಯದರ ಅರ್ಥ. ಕ್ರಿಕೆಟ್‌ನ ಅಂಪೈರ್ಸ್ ಕಾಲ್ ಗೊತ್ತಿರುವವರಿಗೆ ಈ ತರ್ಕ ತಕ್ಷಣ ಹಿಡಿಯುತ್ತದೆ. ಅದೇ ಓಟವನ್ನು ಗೆರೆ ಮುಟ್ಟಲಿಲ್ಲ ಎಂದು ಕರೆದಿದ್ದರೆ ಆ ತೀರ್ಪೂ ನಿಲ್ಲುತ್ತಿತ್ತು, ಮಿಷಿಗನ್ ಅಲ್ಲೇ ಗೆಲ್ಲುತ್ತಿತ್ತು. ಮರು ಎಸೆತದಲ್ಲೇ ಎನ್ನುವಂತೆ, ಮುಂದಿನ ಯತ್ನದಲ್ಲೇ ಓಹಾಯೊ ಸ್ಟೇಟ್‌ನ ಕರ್ಟಿಸ್ ಸ್ಯಾಮ್ಯುಯೆಲ್ 15 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ, ಅವರ ತಂಡ 30–27ರಿಂದ ಗೆದ್ದಿತು. ತೀರ್ಪುಗಾರರನ್ನು ಬಹಿರಂಗವಾಗಿ ಟೀಕಿಸಿದ ಮಿಷಿಗನ್ ಕೋಚ್ ಜಿಮ್ ಹಾರ್ಬಾಗೆ ಈ ಎರಡೂ ತಂಡಗಳ ಲೀಗ್ ಆದ ಬಿಗ್ ಟೆನ್ ಛೀಮಾರಿ ಹಾಕಿ, ವಿಶ್ವವಿದ್ಯಾಲಯಕ್ಕೆ 10,000 ಡಾಲರ್ ದಂಡ ವಿಧಿಸಿತು.

ಈ ಜಾಗವನ್ನು ಗುರುತಿಸುವ ಬಗೆಯನ್ನೂ ಹತ್ತಿರದಿಂದ ನೋಡಿ. ಪಕ್ಕದ ಗೆರೆಯಲ್ಲಿ ನಿಂತ ತೀರ್ಪುಗಾರ ಚೆಂಡಿನ ಮೇಲಿನ ಕಣ್ಣು ತೆಗೆಯದೆ ಒಳಗೆ ಬರುತ್ತಾನೆ, ತಾನು ಕಂಡ ಬಿಂದುವಿನ ನೇರಕ್ಕೆ ಒಂದು ಪಾದ ಊರುತ್ತಾನೆ. ಆ ಪಾದದ ಅಂದಾಜಿಗೆ ಚೆಂಡು ಇಡುತ್ತಾರೆ. ಚೆಂಡಿನ ಉದ್ದ ಸುಮಾರು 11 ಇಂಚು, ದೊಡ್ಡವರ ಶೂ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಷ್ಟಾದ ಮೇಲೆ ಹತ್ತು ಯಾರ್ಡ್‌ಗಳ ಸರಪಳಿ ತಂದು, ಒಂದು ಬೆರಳಿನಷ್ಟು ಕಡಿಮೆಯಾಯಿತೇ ಎಂದು ಅಳೆಯುತ್ತಾರೆ! ವೃತ್ತಿಪರ ಲೀಗ್ ಎನ್‌ಎಫ್‌ಎಲ್ 2025ರ ಋತುವಿನಿಂದ ಸರಪಳಿಯ ಅಳತೆಯ ಬದಲು ಕ್ಯಾಮೆರಾಗಳ ಅಳತೆಯನ್ನು ತಂದಿತು. ಅಲ್ಲೂ ಚೆಂಡನ್ನು ಎಲ್ಲಿ ಇಡಬೇಕು ಎಂದು ತೀರ್ಮಾನಿಸುವುದು ಒಳಗೆ ಓಡಿಬಂದ ಆ ತೀರ್ಪುಗಾರನ ಕಣ್ಣು ಮತ್ತು ಪಾದವೇ.