ಫಾರ್‌ಈಚ್ ಒಳಗೆ ಅವೈಟ್ ಹಾಕಿದರೂ ಪ್ರೋಗ್ರಾಂ ಕಾಯುವುದಿಲ್ಲ, ಯಾಕೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎಪಿಎಂಸಿಯಲ್ಲಿರುವ ನಮ್ಮ ಚಿಕ್ಕಪ್ಪನ ದಲ್ಲಾಳಿ ಅಂಗಡಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. ಮೆಕ್ಕೆಜೋಳ ತಂದ ರೈತರ ಬಿಲ್ಲುಗಳನ್ನು ಒಂದೊಂದಾಗಿ ಸರ್ವರಿಗೆ ಕಳಿಸಬೇಕು. ಬಂದ ಸರದಿಯಲ್ಲೇ ಅದು ನಂಬರ್ ಕೊಡುತ್ತದೆ. ಪಟ್ಟಿಯ ಒಂದೊಂದು ಹೆಸರಿಗೂ ಒಂದೇ ಕೆಲಸ ಮಾಡಿಸುವ ಫಾರ್‌ಈಚ್ ಒಳಗೆ, ಕೆಲಸ ಮುಗಿಯುವವರೆಗೆ ಕಾಯಿಸುವ ಅವೈಟ್ ಹಾಕಿದ್ದೇನೆ. ಆದರೂ ಒಂದು ಬಿಲ್ಲೂ ಹೋಗುವ ಮೊದಲೇ ‘ಎಲ್ಲಾ ಮುಗಿಯಿತು’ ಅಂತ ಬರುತ್ತದೆ, ನಂಬರುಗಳೂ ಹಿಂದುಮುಂದಾಗುತ್ತವೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಅವೈಟ್ ಕಾಯುತ್ತಿದೆ. ಕಾಯದೇ ಇರುವುದು ಫಾರ್‌ಈಚ್.

ಅವೈಟ್ ತಡೆದು ನಿಲ್ಲಿಸುವುದು ತಾನಿರುವ ಫಂಕ್ಷನ್ನನ್ನು ಮಾತ್ರ, ಅದನ್ನು ಕರೆದವರನ್ನಲ್ಲ. ಅವೈಟ್ ಬಳಸಲು ಅಸಿಂಕ್ ಎಂದು ಗುರುತು ಹಾಕಿದ ಫಂಕ್ಷನ್ ಕರೆದ ಕೂಡಲೇ ಕೈಗೆ ಬರುವುದು ಒಂದು ಪ್ರಾಮಿಸ್, ಕೆಲಸದ ಫಲ ಆಮೇಲೆ. ಬೆಣ್ಣೆ ದೋಸೆಗೆ ದುಡ್ಡು ಕೊಟ್ಟು ಟೋಕನ್ ಇಸ್ಕೊಂಡ ಹಾಗೆ: ಟೋಕನ್ ಕೈಯಲ್ಲಿದೆ, ದೋಸೆ ಇನ್ನೂ ಕಾವಲಿ ಮೇಲಿದೆ. ಫಾರ್‌ಈಚ್ ಆ ಟೋಕನ್ನನ್ನು ಅಲ್ಲೇ ಬಿಟ್ಟು ಮುಂದಿನ ರೈತನ ಹೆಸರು ಹಿಡಿಯುತ್ತದೆ. ಪಟ್ಟಿಯಲ್ಲಿ 300 ಹೆಸರಿದ್ದರೆ 300 ಬಿಲ್ಲೂ ಒಂದೇ ಉಸಿರಿಗೆ ಹೊರಡುತ್ತವೆ. ಯಾವುದು ಮೊದಲು ತಲುಪುತ್ತದೋ ಅದಕ್ಕೆ ಮೊದಲ ನಂಬರ್.

ಇದರಲ್ಲಿ ಫಾರ್‌ಈಚ್‌ನ ದೋಷವೇನಿಲ್ಲ. ಅದು ಭಾಷೆಯ ಮಾನದಂಡಕ್ಕೆ ಸೇರಿದ್ದು 2009ರಲ್ಲಿ. ಪ್ರಾಮಿಸ್ ಬಂದದ್ದು 2015ರಲ್ಲಿ, ಅಸಿಂಕ್–ಅವೈಟ್ 2017ರಲ್ಲಿ. ಕೊಟ್ಟ ಫಂಕ್ಷನ್ ಏನು ಹಿಂತಿರುಗಿಸಿದರೂ ನೋಡಬೇಕಿಲ್ಲ ಎಂಬುದೇ ಅದರ ನಿಯಮ, ಇಂದಿಗೂ ಹಾಗೇ ಇದೆ.

ಪರಿಹಾರ ಸರಳ: ಫಾರ್‌ಈಚ್ ತೆಗೆದು ‘ಫಾರ್ ಆಫ್’ ಲೂಪ್ ಬರೆಯಿರಿ, ಅವೈಟನ್ನು ಅದರೊಳಗೇ ಇಡಿ. ಈಗ ಅವೈಟ್ ಮತ್ತು ಲೂಪ್ ಎರಡೂ ಒಂದೇ ಫಂಕ್ಷನ್ನಿನಲ್ಲಿರುವುದರಿಂದ ಮೊದಲ ಬಿಲ್ಲಿಗೆ ಉತ್ತರ ಬಂದ ಮೇಲೆಯೇ ಎರಡನೆಯದು ಹೊರಡುತ್ತದೆ. ಲೂಪ್ ಇರುವ ಫಂಕ್ಷನ್ನಿಗೆ ಅಸಿಂಕ್ ಅಂತ ಹಾಕಿ, ಆ ಫಂಕ್ಷನ್ನನ್ನು ಕರೆಯುವ ಕಡೆಯೂ ಅವೈಟ್ ಬರೆಯಿರಿ. ಈ ಎರಡನೆಯದನ್ನು ಮರೆತು ನಾನೊಮ್ಮೆ ರಾತ್ರಿಯಿಡೀ ಹುಡುಕಾಡಿದ್ದೇನೆ: ಕೆಲಸ ನಡೆಯುತ್ತಿದ್ದಾಗಲೇ ಕೊನೆಯ ಸಾಲು ಡೇಟಾಬೇಸ್ ಸಂಪರ್ಕ ಮುಚ್ಚಿಬಿಡುತ್ತಿತ್ತು.

ಇನ್ನೊಂದು ಮಾತು, ನನಗೆ ಇದೇ ಹೆಚ್ಚು ಮುಖ್ಯ. ಫಾರ್‌ಈಚ್ ಸುತ್ತ ಎರರ್ ಹಿಡಿಯುವ ಟ್ರೈ–ಕ್ಯಾಚ್ ಹಾಕಿದ್ದರೂ ಒಳಗೆ ಅವೈಟ್ ಮಾಡಿದ ಕೆಲಸದ ಎರರ್ ಅದಕ್ಕೆ ಸಿಗುವುದಿಲ್ಲ. ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ‘ನೋಡ್’ನ 15ನೇ ಆವೃತ್ತಿಯಿಂದ ಈಚೆಗೆ, ಹೀಗೆ ಯಾರೂ ಹಿಡಿಯದ ಎರರ್ ಇಡೀ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ‘ಫಾರ್ ಆಫ್’ ಒಳಗೆ ಟ್ರೈ–ಕ್ಯಾಚ್ ಇಟ್ಟರೆ ಯಾವ ರೈತನ ಬಿಲ್ ಕೆಟ್ಟಿತು ಎಂದು ಬರೆದಿಟ್ಟುಕೊಂಡು ಮುಂದಕ್ಕೆ ಹೋಗಬಹುದು. ರೈತನ ದುಡ್ಡಿನ ಲೆಕ್ಕ ಇದು, ಒಂದು ಚೀಟಿಯೂ ಸದ್ದಿಲ್ಲದೆ ತಪ್ಪಬಾರದು.

ಸರದಿಯಲ್ಲಿ ಕಳಿಸಿದರೆ ನಿಧಾನವಾಗುವುದು ನಿಜ. ಒಂದು ಬಿಲ್ಲಿಗೆ 200 ಮಿಲಿಸೆಕೆಂಡ್ ಹಿಡಿದರೆ 300ಕ್ಕೆ ಒಂದು ನಿಮಿಷ. ನಂಬರ್ ಕ್ರಮವಾಗಿ ಬೇಕೆಂದರೆ ಆ ನಿಮಿಷ ಕೊಡಲೇಬೇಕು. ಆದರೆ ಆಮೇಲೆ ರೈತರಿಗೆ ಹೋಗುವ ಎಸ್‌ಎಂಎಸ್‌ಗೆ ಸರದಿಯ ಹಂಗಿಲ್ಲ. ಅಲ್ಲಿ, ಫಾರ್‌ಈಚ್‌ನಂತಲ್ಲದೆ ಹಿಂತಿರುಗಿ ಬಂದದ್ದನ್ನು ಪಟ್ಟಿ ಮಾಡಿಕೊಡುವ ‘ಮ್ಯಾಪ್’ನಿಂದ ಪ್ರಾಮಿಸ್‌ಗಳನ್ನೆಲ್ಲ ಕೂಡಿಸಿ, ಎಲ್ಲವೂ ಮುಗಿಯುವವರೆಗೆ ಕಾಯುವ ‘ಪ್ರಾಮಿಸ್ ಆಲ್’ಗೆ ಕೊಡಬಹುದು. ಯಾವುದು ಮೊದಲು ಮುಗಿದರೂ ಫಲಿತಾಂಶ ಪಟ್ಟಿಯ ಕ್ರಮದಲ್ಲೇ ಬರುತ್ತದೆ. ಒಂದು ಕೆಟ್ಟರೆ ಮಾತ್ರ ‘ಪ್ರಾಮಿಸ್ ಆಲ್’ ಆ ಕ್ಷಣವೇ ಸೋತಂತೆ ಹೇಳುತ್ತದೆ, ಉಳಿದವು ಹಿಂದೆ ಓಡುತ್ತಲೇ ಇರುತ್ತವೆ. ಎಲ್ಲರ ವರದಿಯೂ ಬೇಕಿದ್ದರೆ 2020ರಲ್ಲಿ ಬಂದ ‘ಪ್ರಾಮಿಸ್ ಆಲ್‌ಸೆಟಲ್ಡ್’ ಬಳಸಿ.

ಹಾಗಂತ ಮುನ್ನೂರನ್ನೂ ಒಟ್ಟಿಗೆ ಬಿಡಬೇಡಿ. ಕಾವಲಿ ಎಷ್ಟೇ ದೊಡ್ಡದಿರಲಿ, ಭಟ್ಟರು ಅದು ಹಿಡಿಸುವಷ್ಟೇ ದೋಸೆ ಹುಯ್ಯುತ್ತಾರೆ. ಪಟ್ಟಿಯನ್ನು ಹತ್ತು ಹತ್ತಾಗಿ ಕತ್ತರಿಸಿ, ಹೊರಗೆ ‘ಫಾರ್ ಆಫ್’, ಒಳಗೆ ಆ ಹತ್ತಕ್ಕೆ ‘ಆಲ್‌ಸೆಟಲ್ಡ್’ ಇಡಿ. ಮೊದಲು ಐದು ಹೆಸರಿನ ಪಟ್ಟಿ ಕೊಟ್ಟು, ಅದರಲ್ಲೊಂದು ಫೋನ್ ನಂಬರನ್ನು ಬೇಕೆಂದೇ ತಪ್ಪು ಹಾಕಿ ಓಡಿಸಿ ನೋಡಿ.