ಮರದ ಕೆಳಗೆ ಉಳಿದವರು, ಬರಿಗಾಲಲ್ಲಿ ನಡೆದವರು

1968ರ ಡಿಸೆಂಬರ್ ಮೊದಲ ವಾರ. ಶ್ರೀಲಂಕಾದ ಪೊಲೊನ್ನರುವದಲ್ಲಿ ಥಾಮಸ್ ಮರ್ಟನ್ ಬರಿಗಾಲಲ್ಲಿ ನಡೆದು ಹೋದರು. ಹುಲ್ಲು ಒದ್ದೆ, ಮರಳೂ ಒದ್ದೆ. ಎದುರಿಗೆ ಬಂಡೆಯಲ್ಲೇ ಕಡೆದ ಬುದ್ಧನ ದೊಡ್ಡ ಮೂರ್ತಿಗಳು. ಮರ್ಟನ್ ಅಮೆರಿಕದ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಮಠಪಂಥದ ಸನ್ಯಾಸಿ, 1941ರಲ್ಲೇ ಮಠ ಸೇರಿದವರು. ಜೊತೆಗಿದ್ದ ಕ್ಯಾಥೊಲಿಕ್ ಹಿರಿಯ ಗುರುಗಳಿಗೆ ಮಾತ್ರ ಅನ್ಯಧರ್ಮದ ಮೂರ್ತಿಗಳ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಅವರು ಹಿಂದೆಯೇ ಉಳಿದು, ಮರದ ಕೆಳಗೆ ಕೂತು ಪ್ರವಾಸಿ ಕೈಪಿಡಿ ಓದಿದರು. ಮರ್ಟನ್ ತಮ್ಮ ದಿನಚರಿಯಲ್ಲಿ ಇದನ್ನೂ ಬರೆದಿಟ್ಟಿದ್ದಾರೆ. ಅದೇ ತಿಂಗಳ 10ರಂದು ಅವರು ಬ್ಯಾಂಕಾಕ್‌ನಲ್ಲಿ ತೀರಿಕೊಂಡರು.

ಯೇಸುವನ್ನು ನಂಬುತ್ತಲೇ ಬೌದ್ಧರ ಧ್ಯಾನಕ್ಕೆ ಕೂತವರ ಕಥೆಯಲ್ಲಿ ನನಗೆ ಎಲ್ಲೆಲ್ಲೂ ಈ ಇಬ್ಬರೇ ಕಾಣುತ್ತಾರೆ: ಬರಿಗಾಲಲ್ಲಿ ಹತ್ತಿರ ಹೋದವರು, ಮರದ ಕೆಳಗೆ ಉಳಿದವರು.

ಮರ್ಟನ್‌ಗಿಂತ ಎಷ್ಟೋ ಮೊದಲೇ ಈ ದಾರಿ ಹಿಡಿದವರು ಹ್ಯೂಗೊ ಲಸಾಲ್. ಜರ್ಮನಿಯವರು, ಯೇಸುಸಭೆ (ಜೆಸ್ಯುಯಿಟ್) ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿ. 1929ರಲ್ಲಿ ಜಪಾನಿಗೆ ಹೋದರು. ಅಲ್ಲಿನ ಜನರ ಮನಸ್ಸು ತಿಳಿಯಬೇಕಾದರೆ ಝೆನ್ ಎಂಬ ಬೌದ್ಧ ಧ್ಯಾನಪಂಥ ತಿಳಿಯಬೇಕು ಅನ್ನಿಸಿತು. ಪುಸ್ತಕ ಓದಿದರೆ ಸಾಲದು, ಕೂತೇ ನೋಡಬೇಕು ಅಂತ 1943ರಲ್ಲಿ ಝೆನ್ ಶಿಬಿರಕ್ಕೆ ಕೂತರು. ಎರಡು ವರ್ಷಕ್ಕೆ ಹಿರೋಶಿಮಾದ ಮೇಲೆ ಬಾಂಬು ಬಿತ್ತು. ಅವರಿದ್ದ ಮನೆ ಬಾಂಬು ಬಿದ್ದ ಜಾಗದಿಂದ ಒಂದೂವರೆ ಕಿಲೋಮೀಟರೂ ಇರಲಿಲ್ಲ. ಗಾಜಿನ ಚೂರು ಮೈಗೆ ನಾಟಿದರೂ ಜೀವ ಉಳಿಯಿತು. ಊರು ಬಿಟ್ಟು ಹೋಗಲಿಲ್ಲ. ಜಪಾನಿನ ಪೌರತ್ವ ಪಡೆದರು. ಸುಟ್ಟುಹೋದ ಅದೇ ಊರಲ್ಲಿ ವಿಶ್ವಶಾಂತಿಯ ಹೆಸರಿನ ದೊಡ್ಡ ಚರ್ಚ್ ಕಟ್ಟಿಸಿದರು. ಅದು ಮುಗಿದದ್ದು 1954ರಲ್ಲಿ.

ಝೆನ್ ಅಭ್ಯಾಸವನ್ನೂ ಬಿಡಲಿಲ್ಲ. ಜನರನ್ನು ಅರಿಯಲು ಶುರು ಮಾಡಿದ್ದು ಬರಬರುತ್ತಾ ಅವರದ್ದೇ ಪ್ರಾರ್ಥನೆಯಾಯಿತು.

ಹೊರಗಿನಿಂದ ನೋಡಿದರೆ ಅದರಲ್ಲಿ ಏನೂ ಇಲ್ಲ. ದಪ್ಪ ದಿಂಬಿನ ಮೇಲೆ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂರುವುದು. ಕಣ್ಣು ಅರ್ಧ ತೆರೆದಿರುತ್ತದೆ. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು. ನಡುವೆ ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. ಮಂಡಿ ನೋಯುತ್ತದೆ, ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಗಂಟೆ ಬಾರಿಸಿದಾಗ ಎದ್ದು ಸ್ವಲ್ಪ ಹೊತ್ತು ನಡೆದು, ಮತ್ತೆ ಕೂರುವುದು.

ಆದರೆ ಚಿಕ್ಕಂದಿನಿಂದ ಜಪಸರ ಹಿಡಿದು ಬೆಳೆದವರಿಗೆ ಇಲ್ಲೊಂದು ದೊಡ್ಡ ತೊಡಕಿದೆ. ಅವರಿಗೆ ಪ್ರಾರ್ಥನೆ ಅಂದರೆ ಮಾತು. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಕರೆದಾಗ ಕೇಳಿಸಿಕೊಳ್ಳುವವನು ಒಬ್ಬನಿದ್ದಾನೆ. ಝೆನ್‌ನಲ್ಲಿ ಕೇಳುವವನೂ ಇಲ್ಲ, ಹೇಳಬೇಕಾದ ಮಾತೂ ಇಲ್ಲ. ಲೋಕವನ್ನು ಸೃಷ್ಟಿಸಿದ ದೇವರ ಮೇಲೆ ಬೌದ್ಧಧರ್ಮ ನಿಂತೇ ಇಲ್ಲ. ಹಾಗಾದರೆ ಈ ಮೌನದಲ್ಲಿ ಯೇಸುಸ್ವಾಮಿ ಎಲ್ಲಿ? ಮರದ ಕೆಳಗೆ ಉಳಿದ ಆ ಗುರುಗಳ ಹಿಂಜರಿಕೆಯನ್ನು ನಾನು ಹಗುರವಾಗಿ ನೋಡಲಾರೆ. ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ.

ಲಸಾಲ್ ಉತ್ತರ ಹುಡುಕಿದ್ದು ತಮ್ಮ ಮನೆಯಲ್ಲೇ. ದೇವರನ್ನು ಮಾತಿಗೂ ರೂಪಕ್ಕೂ ಕಟ್ಟಿಹಾಕಲಾಗದು ಅಂದಿದ್ದ ಮೈಸ್ಟರ್ ಎಕ್‌ಹಾರ್ಟ್‌ರಂಥ ಹಳೇ ಜರ್ಮನ್ ಕ್ರೈಸ್ತ ಅನುಭಾವಿಗಳತ್ತ ಅವರು ತಿರುಗಿದರು. ಅಲ್ಲಮನ ವಚನ ಬಲ್ಲ ನಮಗೆ ಇದು ತೀರಾ ಹೊಸ ಮಾತಲ್ಲ, ಅಲ್ವಾ? ಆದರೂ 1960ರಲ್ಲಿ ಅವರು ಝೆನ್ ಬಗ್ಗೆ ಪುಸ್ತಕ ತಂದಾಗ ರೋಮ್‌ನ ಚರ್ಚ್ ಹಿರಿಯರಿಗೆ ಅದು ಹಿಡಿಸಲಿಲ್ಲ.

ಗಾಳಿ ತಿರುಗಿದ್ದು ಲೋಕದ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಚರ್ಚ್ ತಳ್ಳಿಹಾಕುವುದಿಲ್ಲ ಎಂದು 1965ರ ಅಕ್ಟೋಬರ್ 28ರ ಘೋಷಣೆ ಹೇಳಿತು. ಬೌದ್ಧಧರ್ಮದ ಹೆಸರನ್ನೂ ಎತ್ತಿತು. 1969ರಲ್ಲಿ ಟೋಕಿಯೊ ಹತ್ತಿರದ ಬೆಟ್ಟದಲ್ಲಿ ಲಸಾಲ್ ಅವರ ಝೆನ್ ಮಂದಿರವೇ ತಲೆ ಎತ್ತಿತು.

ಈ ಕಥೆಯಲ್ಲಿ ನಮ್ಮ ಬೆಂಗಳೂರೂ ಬರುತ್ತದೆ. ಮರ್ಟನ್ ತೀರಿಕೊಂಡದ್ದು ಏಷ್ಯಾದ ಕ್ರೈಸ್ತ ಮಠಗಳವರ ಸಮ್ಮೇಳನಕ್ಕೆ ಹೋಗಿದ್ದಾಗ. ಅದರ ಮುಂದಿನ ಸಮ್ಮೇಳನ 1973ರಲ್ಲಿ ಬೆಂಗಳೂರಲ್ಲಿ ನಡೆಯಿತು. ಆಮೇಲೆ ಬೇರೆ ಧರ್ಮದವರ ಜೊತೆ ಸಂವಾದಕ್ಕೆ ಮಠವಾಸಿಗಳೇ ಮುಂದಾಗಬೇಕೆಂದು ವ್ಯಾಟಿಕನ್‌ನಿಂದ ಪತ್ರ ಬಂತು. 1979ರಲ್ಲಿ ಜಪಾನಿನ ಝೆನ್ ಸನ್ಯಾಸಿಗಳು ಯುರೋಪಿಗೆ ಹೋಗಿ ಅಲ್ಲಿನ ಕ್ರೈಸ್ತ ಮಠಗಳಲ್ಲಿ ಉಳಿದರು. ವಿಗ್ರಹದ ಹತ್ತಿರವೂ ಸುಳಿಯದ ಕಾಲದಿಂದ ಒಂದೇ ಪಂಕ್ತಿಯಲ್ಲಿ ಉಣ್ಣುವ ಕಾಲಕ್ಕೆ ಬಂದಿದ್ದರು. ನನಗಂತೂ ಇದು ಸಣ್ಣ ಸಂಗತಿ ಅಲ್ಲ.

ಅನುಮಾನ ಮಾತ್ರ ಹೋಗಲಿಲ್ಲ. 1989ರಲ್ಲಿ ವ್ಯಾಟಿಕನ್‌ನಲ್ಲಿ ಧರ್ಮಸಿದ್ಧಾಂತ ನೋಡಿಕೊಳ್ಳುವ ಕಾರ್ಡಿನಲ್ ರಾಟ್ಸಿಂಗರ್ ಅವರ ಕಚೇರಿ ಧ್ಯಾನದ ಬಗ್ಗೆ ಬಿಷಪ್‌ಗಳಿಗೆ ಪತ್ರ ಬರೆಯಿತು. ಕ್ರೈಸ್ತರದ್ದಲ್ಲ ಅನ್ನುವ ಒಂದೇ ಕಾರಣಕ್ಕೆ ಬೇರೆಯವರ ವಿಧಾನ ಬಿಡಬೇಕಿಲ್ಲ, ಆದರೆ ಕ್ರೈಸ್ತ ಪ್ರಾರ್ಥನೆಯ ತಿರುಳು ಮಸುಕಾಗಬಾರದು ಎಂದಿತು. ಮುಂಬೈಯಲ್ಲಿ ಹುಟ್ಟಿದ ಆಂಥೊನಿ ಡಿ ಮೆಲ್ಲೊ ಕೂಡ ಯೇಸುಸಭೆಯ ಪಾದ್ರಿ. ಉಸಿರು ಗಮನಿಸುವುದರಿಂದಲೇ ಪ್ರಾರ್ಥನೆ ಕಲಿಸುತ್ತಿದ್ದರು. ಅವರು ತೀರಿಕೊಂಡದ್ದು 1987ರಲ್ಲಿ. ಅವರ ಬರಹದ ಬಗ್ಗೆ ರೋಮ್ ಎಚ್ಚರಿಕೆ ಹೊರಡಿಸಿದ್ದು 1998ರಲ್ಲಿ, 11 ವರ್ಷದ ಮೇಲೆ. ಉತ್ತರ ಕೊಡಲು ಅವರೇ ಇಲ್ಲದಾಗ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಆ ಎಚ್ಚರಿಕೆಗೂ ಎರಡು ವರ್ಷ ಮೊದಲೇ, 1996ರಲ್ಲಿ, ಕೊಡೈಕನಾಲ್ ಹತ್ತಿರದ ಪೆರುಮಾಳ್‌ಮಲೈನಲ್ಲಿ ಬೋಧಿ ಝೆಂಡೊ ಎಂಬ ಝೆನ್ ಧ್ಯಾನಕೇಂದ್ರ ಬಾಗಿಲು ತೆರೆದಿತ್ತು. ಅದನ್ನು ಶುರು ಮಾಡಿದ ಫಾದರ್ ಅಮಾ ಸಾಮಿ ಕೂಡ ಯೇಸುಸಭೆಯವರೇ. ಝೆನ್ ಕಲಿಸುವ ಅಧಿಕಾರವನ್ನು ಅವರು ಪಡೆದದ್ದು ಜಪಾನಿನ ಯಾಮಾದಾ ಕೋಉನ್ ಅವರಿಂದ. ಲಸಾಲ್ ಕೂಡ ಶಿಷ್ಯರಾಗಿ ಕೂತದ್ದು ಇದೇ ಗುರುವಿನ ಮುಂದೆ.